ಡಿಕ್ಷನರಿಗೆ ಟೆಸ್ಟ್ ಬರೆಯುವಾಗ ನಾನು ಎಡವಿದ್ದು

ಬಿಲ್ ಲೆಕ್ಕ ಹಾಕುವ ಒಂದು ಪೈಥಾನ್ ಫಂಕ್ಷನ್ ಬರೆದಿದ್ದೆ. ಮೊತ್ತ, ತೆರಿಗೆ, ಬಾಕಿ, ಸಮಯ ಎಲ್ಲವನ್ನೂ ಒಂದು ಡಿಕ್ಷನರಿಯಲ್ಲಿ, ಅಂದರೆ ಪ್ರತಿ ಮೌಲ್ಯಕ್ಕೂ ಒಂದು ಹೆಸರು (ಕೀ) ಇರುವ ಪಟ್ಟಿಯಲ್ಲಿ, ಹಾಕಿ ಕೊಡುತ್ತಿತ್ತು. ಹಣ ಪೂರ್ತಿ ಕಟ್ಟಿದವರಿಗೆ ಬಾಕಿ ಸೊನ್ನೆ ಬರಬೇಕು. ಅದನ್ನು ನೋಡುವ ಟೆಸ್ಟ್ ಕೋಡಿನಲ್ಲಿ, ಕೊಟ್ಟದ್ದು ಫಾಲ್ಸ್ (ಸುಳ್ಳು) ಲೆಕ್ಕಕ್ಕೆ ಬಂದರೆ ಪಾಸ್ ಮಾಡುವ ಅಸರ್ಟ್‌ಫಾಲ್ಸ್ ಒಳಗೆ ಬಿಲ್.ಗೆಟ್("ಬಾಕಿ") ಎಂದು ಹಾಕಿದ್ದೆ. ಟೆಸ್ಟ್ ಪಾಸ್!

ಎರಡು ತಿಂಗಳು ಪಾಸ್ ಆಗುತ್ತಲೇ ಇತ್ತು. ಆಮೇಲೆ ನೋಡಿದರೆ ಕೋಡಿನಲ್ಲಿ ಆ ಕೀ ಹೆಸರನ್ನು ಯಾರೋ "ಬಾಕಿ_ಮೊತ್ತ" ಮಾಡಿದ್ದಾರೆ. ಯಾರೋ ಏನು, ನಾನೇ. ಕೀ ಸಿಗದಿದ್ದರೆ ಗೆಟ್ ಜಗಳ ಮಾಡಲ್ಲ, ಸುಮ್ನೆ 'ನನ್' (None, ಏನೂ ಇಲ್ಲ ಎಂಬ ಗುರುತು) ಕೊಟ್ಟು ಕೂರುತ್ತೆ. ಸೊನ್ನೆಯೂ ಫಾಲ್ಸ್ ಲೆಕ್ಕವೇ, 'ನನ್' ಕೂಡ ಅದೇ ಲೆಕ್ಕ. ಅಷ್ಟು ದಿನ ಆ ಟೆಸ್ಟ್ ಏನನ್ನೂ ನೋಡುತ್ತಲೇ ಇರಲಿಲ್ಲ.

ಅವತ್ತಿನಿಂದ ಟೆಸ್ಟಿನಲ್ಲಿ ಗೆಟ್ ಬಿಟ್ಟೆ. ಬಿಲ್["ಬಾಕಿ"] ಎಂದು ಚೌಕ ಬ್ರಾಕೆಟ್ ಹಾಕಿದರೆ, ಕೀ ಇಲ್ಲದಿದ್ದಾಗ ಕೀಎರರ್ ಎಂಬ ದೋಷ ಬಂದು ಅಲ್ಲೇ ನಿಲ್ಲುತ್ತೆ. ಈಗ ಜಾಸ್ತಿ ಮಾಡುವುದು ಇಡೀ ಡಿಕ್ಷನರಿಯನ್ನೇ ಹೋಲಿಸುವುದು. ಪೈಥಾನಿನದೇ ಟೆಸ್ಟ್ ಲೈಬ್ರರಿಯಾದ ಯುನಿಟ್‌ಟೆಸ್ಟ್‌ನಲ್ಲಿ ಅಸರ್ಟ್‌ಈಕ್ವಲ್‌ಗೆ ಎರಡು ಡಿಕ್ಷನರಿ ಕೊಟ್ಟರೆ ಅದು ತಾನಾಗೇ, ಡಿಕ್ಷನರಿ ಹೋಲಿಸಲೆಂದೇ ಇರುವ ಅಸರ್ಟ್‌ಡಿಕ್ಟ್‌ಈಕ್ವಲ್ ಕರೆಯುತ್ತೆ. ಮೊದಲು ಕೊಟ್ಟದ್ದರ ಮುಂದೆ ಮೈನಸ್, ಎರಡನೆಯದರ ಮುಂದೆ ಪ್ಲಸ್ ಹಾಕಿ ವ್ಯತ್ಯಾಸ ತೋರಿಸುತ್ತೆ. ವ್ಯತ್ಯಾಸ 640 ಅಕ್ಷರ ದಾಟಿದರೆ ಮಾತ್ರ ಮುಚ್ಚಿಡುತ್ತೆ. ಈ ಮಿತಿಯನ್ನು ಇಡುವ ಮ್ಯಾಕ್ಸ್‌ಡಿಫ್‌ಗೆ 'ನನ್' ಕೊಟ್ಟರೆ ಪೂರ್ತಿ ಕಾಣುತ್ತೆ.

ಸಮಯ ಪ್ರತಿ ಸಲ ಬದಲಾಗುತ್ತೆ ಅಲ್ವಾ? ಆ ಜಾಗಕ್ಕೆ ಮಾಕ್ (ಟೆಸ್ಟಿಗೆ ನಕಲಿ ವಸ್ತು ಕೊಡುವ) ಲೈಬ್ರರಿಯ 'ಎನಿ' ಇಡುತ್ತೇನೆ. ಅಲ್ಲಿ ಯಾವ ಮೌಲ್ಯ ಬಂದರೂ ಒಪ್ಪುತ್ತೆ, ಆದರೆ ಕೀ ಕಾಣೆಯಾದರೆ ಟೆಸ್ಟ್ ಬೀಳುತ್ತೆ. ಕೆಲವೇ ಕೀ ಸಾಕು ಎನ್ನುವಾಗ ಅಸರ್ಟ್‌ಡಿಕ್ಟ್‌ಕಂಟೇನ್ಸ್‌ಸಬ್‌ಸೆಟ್ ಬಳಸುತ್ತಿದ್ದೆ. ಪೈಥಾನ್ 3.12ರಲ್ಲಿ ಅದನ್ನು ತೆಗೆದೇ ಹಾಕಿದರು. ಈಗ ಬಂದ ಡಿಕ್ಷನರಿಯ ನಕಲಿನ ಮೇಲೆ ಬೇಕಾದ ಕೀ-ಮೌಲ್ಯಗಳನ್ನು ಹೊದಿಸಿ, ಅದು ಮೊದಲಿನ ಹಾಗೇ ಉಳಿಯಿತಾ ಎಂದು ನೋಡುತ್ತೇನೆ.

ತೆರಿಗೆಯದ್ದು ಬೇರೆ ತಲೆನೋವು. ದಶಮಾಂಶ ಸಂಖ್ಯೆಗಳ ಫ್ಲೋಟ್‌ನಲ್ಲಿ 0.1 + 0.2 ಕೂಡಿದರೆ 0.30000000000000004. ನಾನು ಲೆಕ್ಕವನ್ನೇ ಪೂರ್ಣ ಸಂಖ್ಯೆಯ ಪೈಸೆಗೆ ಇಳಿಸಿಬಿಟ್ಟೆ.

ಇಡೀ ಡಿಕ್ಷನರಿ ಹೋಲಿಸಿದರೂ ಒಂದು ತಪ್ಪು ನುಸುಳಿತು. "ಪಾವತಿ" ಕೀಗೆ ಟ್ರೂ ಬರಬೇಕಿದ್ದಲ್ಲಿ 1 ಬರುತ್ತಿತ್ತು. ಪೈಥಾನ್‌ಗೆ ಎರಡೂ ಸಮ, ಟೆಸ್ಟ್ ಪಾಸ್. ಜೇಸನ್ (ಪ್ರೋಗ್ರಾಮುಗಳು ಡೇಟಾ ಕಳಿಸುವ ಪಠ್ಯ ರೂಪ) ಆಗಿ ಹೊರಗೆ ಹೋದಾಗ ಮಾತ್ರ ಅದು 1 ಆಗಿಯೇ ಹೋಗಿ, ಟ್ರೂ ಬಂತಾ ಎಂದು ಕಾಯುತ್ತಿದ್ದ ಸ್ಕ್ರೀನು ಹಣ ಕಟ್ಟಿದವರಿಗೂ 'ಬಾಕಿ ಇದೆ' ಎಂದು ತೋರಿಸಿತು. ಆ ಒಂದು ಕೀಗೆ ಈಗ, ಸಮ ಇದ್ದರೆ ಸಾಲದು ಅದೇ ಆಗಿರಬೇಕು ಎನ್ನುವ ಅಸರ್ಟ್‌ಈಸ್ ಇದೆ.