ಸರಾಸರಿ ಇರಲಿ, ಬೌಲರ್ ಯಾರು ಹೇಳಿ

ಅಡಿಕೆ ಸುಲಿಯುವ ಕಾಲ ಬಂದರೆ ಶಿರಸಿ ಕಡೆಯ ನಮ್ಮ ಮನೆಯಲ್ಲಿ ರಾತ್ರಿ ಹತ್ತರವರೆಗೂ ಜಗಲಿ ತುಂಬಿರುತ್ತದೆ. ಮೆಟ್ಟುಗತ್ತಿ ಮುಂದೆ ಕೈ ತನ್ನ ಪಾಡಿಗೆ ಸುಲಿಯುತ್ತದೆ, ಬಾಯಿಗೆ ಕ್ರಿಕೆಟ್ ಬೇಕು. ಈ ಸಲ ಅಣ್ಣನ ಮಗ ಶುರು ಹಚ್ಚಿದ: "ಚಿಕ್ಕಪ್ಪ, ವೇಗದ ಬೌಲಿಂಗ್ ಆಡೋದ್ರಲ್ಲಿ ಯಾರು ದೊಡ್ಡವರು? ಸರಾಸರಿ ನೋಡಿದ್ರೆ ಸಾಕಲ್ವಾ?"

ಸಾಲದು. ಚೀಲದ ಬಾಯಲ್ಲಿರುವ ಅಡಿಕೆ ನೋಡಿ ಯಾರಾದರೂ ದರ ಹೇಳುತ್ತಾರಾ? ಅಡಿಗೆ ಕೈ ಹಾಕಬೇಕು.

ಮೊದಲು ಎದುರಾಳಿ ದೇಶದ ಹೆಸರು ಬಿಡಿ. ಸ್ಕೋರ್‌ಕಾರ್ಡ್ ತೆರೆದು ಅವತ್ತು ಚೆಂಡು ಹಾಕಿದವರು ಯಾರು ನೋಡಿ. ಗಾವಸ್ಕರ್ ವೆಸ್ಟ್ ಇಂಡೀಸ್ ಮೇಲೆ 13 ಶತಕ ಹೊಡೆದದ್ದು ಎಲ್ಲರಿಗೂ ಬಾಯಿಪಾಠ. ಅದರಲ್ಲಿ 4 ಬಂದದ್ದು 1971ರಲ್ಲಿ. ಅವರ ವೇಗಿಗಳಾದ ರಾಬರ್ಟ್ಸ್, ಹೋಲ್ಡಿಂಗ್ ಆಗಿನ್ನೂ ಟೆಸ್ಟ್ ತಂಡಕ್ಕೇ ಬಂದಿರಲಿಲ್ಲ. ಇನ್ನು 4 ಬಂದದ್ದು 1978-79ರಲ್ಲಿ. ಆಗ ಅವರ ದೊಡ್ಡ ವೇಗಿಗಳು ಕೆರಿ ಪ್ಯಾಕರ್ ನಡೆಸಿದ ಖಾಸಗಿ ಸರಣಿಗೆ ಹೋಗಿದ್ದರು. ಹಾಗಂತ ಗಾವಸ್ಕರ್ ಸಣ್ಣವರೇನೂ ಅಲ್ಲ. 1983ರಲ್ಲಿ ಕಾನ್ಪುರದಲ್ಲಿ ವೆಸ್ಟ್ ಇಂಡೀಸ್ ವೇಗಿ ಮಾರ್ಷಲ್ ಚೆಂಡಿಗೆ ಅವರ ಕೈಯಿಂದ ಬ್ಯಾಟೇ ಹಾರಿತ್ತು. ಗಳಿಸಿದ್ದು 0 ಮತ್ತು 7. ಮುಂದಿನ ಟೆಸ್ಟ್ ದಿಲ್ಲಿಯಲ್ಲಿ. ಅದೇ ಮಾರ್ಷಲ್, ಅದೇ ಹೋಲ್ಡಿಂಗ್. ಇವರು 121 ಹೊಡೆದರು, 100 ಮುಟ್ಟಿದ್ದು 94 ಚೆಂಡಿನಲ್ಲಿ. ಆ ಎಂಟು ಶತಕ ಒಂದು ತಕ್ಕಡಿಗೆ ಹಾಕಿ, ಇದೊಂದನ್ನು ಇನ್ನೊಂದಕ್ಕೆ ಹಾಕಿದರೆ ನನ್ನ ಮಟ್ಟಿಗೆ ಇದೇ ಭಾರ.

ಆಮೇಲೆ ತಂಡದ ಮೊತ್ತ ನೋಡಿ. 1975ರ ಜನವರಿ, ಮದ್ರಾಸ್. ರಾಬರ್ಟ್ಸ್ 64 ರನ್ ಕೊಟ್ಟು 7 ವಿಕೆಟ್ ಕಿತ್ತರು. ಭಾರತ 190ಕ್ಕೆ ಮುಗಿಯಿತು. ಅದರಲ್ಲಿ ನಮ್ಮ ಭದ್ರಾವತಿ ವಿಶ್ವನಾಥ್ ಒಬ್ಬರದೇ 97, ಔಟಾಗದೆ. ಆ ಟೆಸ್ಟ್ ಭಾರತ ಗೆದ್ದಿತು. ಶತಕ ಎಣಿಸಿಕೊಂಡು ಕೂತವನಿಗೆ ಈ ಆಟ ಕಣ್ಣಿಗೇ ಬೀಳುವುದಿಲ್ಲ, ಅದೇ ನನ್ನ ಸಿಟ್ಟು. 1991ರಲ್ಲಿ ಹೆಡಿಂಗ್ಲಿಯಲ್ಲಿ ಗೂಚ್ ಆಡಿದ 154 ಕೂಡ ಇದೇ ಜಾತಿಯದು. ಇಂಗ್ಲೆಂಡಿನ ಮೊತ್ತ 252, ಎದುರಿಗೆ ಮಾರ್ಷಲ್, ಆಂಬ್ರೋಸ್, ವಾಲ್ಶ್.

ಊರಿನ ಪಿಚ್, ಪರದೇಶದ ಪಿಚ್ ಬೇರೆ ಬೇರೆ ಬರೆದುಕೊಳ್ಳಿ. ಇದು ಗೊತ್ತಿರುವುದೇ.

ಒಂದೇ ಸರಣಿ ಹಿಡಿದು ತೀರ್ಪು ಕೊಡಲು ಹೋದರೆ ಮೊಹಿಂದರ್ ಅಮರನಾಥ್ ಹತ್ತಿರ ಸಿಕ್ಕಿಬೀಳುತ್ತೀರಿ. 1983ರಲ್ಲಿ ವೆಸ್ಟ್ ಇಂಡೀಸ್‌ಗೇ ಹೋಗಿ 598 ರನ್. ಅದೇ ವರ್ಷ ವೆಸ್ಟ್ ಇಂಡೀಸ್ ತಂಡ ಇಲ್ಲಿಗೆ ಬಂದಾಗ 6 ಇನಿಂಗ್ಸ್ ಸೇರಿ 1 ರನ್! ನಾನು ಎರಡನ್ನೂ ಬರೆದಿಟ್ಟಿದ್ದೇನೆ. ಯಾವುದನ್ನೂ ಹೊಡೆದುಹಾಕಿಲ್ಲ, ಕೂಡಿಸಿ ಭಾಗಿಸಿಯೂ ಇಲ್ಲ.

ಕೊನೆಗೆ ನಿಮಗೆ ಇಷ್ಟದವನನ್ನೇ ಪರೀಕ್ಷೆಗೆ ಕೂರಿಸಿ. ನನಗೆ ದ್ರಾವಿಡ್. ಹುಡುಗ ಮೊಬೈಲ್ ಒತ್ತಿ ತೋರಿಸಿದ: ಒಟ್ಟು ಸರಾಸರಿ 52, ದಕ್ಷಿಣ ಆಫ್ರಿಕಾ ಮೇಲೆ 33.83. ನಾನು ಒಂದೇ ಅಡಿಕೆಯನ್ನು ಸುಮ್ನೆ ಜಾಸ್ತಿ ಹೊತ್ತು ಸುಲಿದೆ. ಆಮೇಲೆ ಹೇಳಿದೆ, "1997ರ ಜೋಹಾನ್ಸ್‌ಬರ್ಗ್ ತೆಗಿ. ಡೊನಾಲ್ಡ್, ಪೊಲಾಕ್ ಎದುರಿಗೆ 148 ಮತ್ತು 81."

"ಅದು ಒಂದೇ ಟೆಸ್ಟ್ ಅಲ್ವಾ ಚಿಕ್ಕಪ್ಪ?" ಅಂದ.