ಕ್ರಯಪತ್ರದಲ್ಲಿ ‘ಬಿನ್’ ಕಂಡರೆ ಹೇಗೆ ಓದಬೇಕು

ಬೆಂಗಳೂರಿನವರ ಕಣ್ಣಿಗೆ ‘ಬಿನ್’ ನಾಲ್ಕು ರೀತಿಯಲ್ಲಿ ಬೀಳುತ್ತದೆ. ನಾಲ್ಕಕ್ಕೂ ಮೂಲ ಬೇರೆ ಬೇರೆ.

ಕಸದ ಬಿನ್ ಇಂಗ್ಲಿಷಿನದು. ಹಳೆಯ ಇಂಗ್ಲಿಷಿನಲ್ಲಿ ಅದು ದನಕ್ಕೆ ಮೇವು ಹಾಕುವ ಗೋದಲಿ. ‘ಎರಡು ಬಿನ್, ಒಂದು ಬ್ಯಾಗ್’ ಅಂದರೆ ಹಸಿರಿಗೆ ಹಸಿ ಕಸ, ಕೆಂಪಿಗೆ ಡೈಪರ್, ಬ್ಯಾಂಡೇಜಿನಂಥವು, ಚೀಲಕ್ಕೆ ಒಣ ಕಸ. ಬ್ಯಾಂಕಿನ ಬಿನ್ ‘ಬ್ಯಾಂಕ್ ಐಡೆಂಟಿಫಿಕೇಶನ್ ನಂಬರ್’ ಎಂಬುದರ ಹ್ರಸ್ವರೂಪ. ಅದು ಕಾರ್ಡಿನ ಮೊದಲ 6 ಅಂಕಿ, ಹೊಸ ಪದ್ಧತಿಯಲ್ಲಿ 8. ಅದರಿಂದ ಗೊತ್ತಾಗುವುದು ಕಾರ್ಡು ಯಾವ ಬ್ಯಾಂಕಿನದು, ಯಾವ ಬಗೆಯದು ಎಂಬುದು ಮಾತ್ರ. ಫೋನಿನಲ್ಲಿ ಯಾರೋ ಆ ಅಂಕಿಗಳನ್ನು ಓದಿ ಹೇಳಿದರೆಂದು ಅವರು ಬ್ಯಾಂಕಿನವರೇ ಎಂದು ನಂಬಬೇಡಿ. ಇನ್ನು ಧಾರವಾಡ, ಬೆಳಗಾವಿ ಕಡೆಯ ಕಾಗದದ ‘ಬಿನ್‌ಶೇತ್ಕಿ’ಯಲ್ಲಿ ಬಿನ್ ಎಂದರೆ ‘ಇಲ್ಲದ’. ನಮ್ಮ ‘ವಿನಾ’ದ ನೆಂಟ ಅದು. ಬಿನ್‌ಶೇತ್ಕಿ ಜಮೀನು ಎಂದರೆ ಕೃಷಿಯೇತರ ಜಮೀನು.

ಪಹಣಿ, ಕ್ರಯಪತ್ರಗಳ ಬಿನ್ ಮಾತ್ರ ಅರಬ್ಬಿಯದು. ಅರ್ಥ ‘ಮಗ’. ತಹಶೀಲ್ದಾರ್, ಹಿಸ್ಸಾ ಇವುಗಳ ಹಾಗೆ ಅದೂ ಕಚೇರಿಯ ಕನ್ನಡದಲ್ಲಿ ಉಳಿದುಕೊಂಡಿದೆ. ಯಾವ ಜಾತಿ, ಧರ್ಮದವರ ಹೆಸರಿನಲ್ಲೂ ಬರುತ್ತದೆ.

‘ಮುನಿಯಪ್ಪ ಬಿನ್ ಲೇಟ್ ದೊಡ್ಡಣ್ಣ’ ಎಂಬ ಸಾಲನ್ನೇ ತೆಗೆದುಕೊಳ್ಳಿ. ಆಸ್ತಿ ಮುನಿಯಪ್ಪನದು, ತಂದೆ ದೊಡ್ಡಣ್ಣ. ‘ಲೇಟ್’ ಯಾವಾಗಲೂ ತನ್ನ ಮುಂದಿನ ಹೆಸರಿಗೆ ಸೇರುತ್ತದೆ, ಆದ್ದರಿಂದ ತೀರಿಕೊಂಡವರು ದೊಡ್ಡಣ್ಣ. ಅದೇ ‘ಲೇಟ್ ಮುನಿಯಪ್ಪ ಬಿನ್ ದೊಡ್ಡಣ್ಣ’ ಎಂದಿದ್ದರೆ ಮಾಲೀಕರೇ ಬದುಕಿಲ್ಲ. ವಾರಸುದಾರರೆಲ್ಲರ ಸಹಿ ಬೇಕು. ‘ಲಕ್ಷ್ಮಮ್ಮ ಕೋಂ ಮುನಿಯಪ್ಪ’ ಎಂದಿದ್ದರೆ ಲಕ್ಷ್ಮಮ್ಮ ಮುನಿಯಪ್ಪನ ಹೆಂಡತಿ. ಮಗಳಾದರೆ ‘ರವರ ಮಗಳು’ ಎಂದು ಬಿಡಿಸಿ ಬರೆಸುವುದೇ ಮೇಲು.

ಆನೇಕಲ್, ದೇವನಹಳ್ಳಿ ಕಡೆಯ ಜಮೀನು ನೋಡುವಾಗ ಪಹಣಿಯ 9ನೇ ಕಾಲಂ ಮೊದಲು ಓದಿ. ಅಲ್ಲಿ ಹೆಸರೂ ತಂದೆಯ ಹೆಸರೂ ಇರುತ್ತವೆ. ಪಕ್ಕದ 10ನೇ ಕಾಲಂನಲ್ಲಿರುವ ಮ್ಯುಟೇಶನ್ (ಹಕ್ಕು ಬದಲಾವಣೆ) ನಂಬರ್ ಹಿಡಿದು ಅದರ ಪ್ರತಿ ತೆಗೆಸಿ, ಬಿನ್ ಮುಂದಿನ ಹೆಸರನ್ನು ಅಕ್ಷರ ಬಿಡದೆ ತಾಳೆ ನೋಡಿ. ಒಂದೇ ಊರಿನಲ್ಲಿ ಇಬ್ಬರು ಮುನಿಯಪ್ಪ ಇರುವುದು ಮಾಮೂಲು. ಒಬ್ಬ ಬಿನ್ ದೊಡ್ಡಣ್ಣ, ಇನ್ನೊಬ್ಬ ಬಿನ್ ಚಿಕ್ಕಣ್ಣ. ಇವರಿಬ್ಬರನ್ನು ಬೇರೆ ಮಾಡುವುದು ಈ ಎರಡಕ್ಷರದ ಮುಂದಿನ ಹೆಸರೇ. ಇಂದಿನ ಮಾರಾಟಗಾರರ ಬಿನ್, ಅವರು ಕೊಂಡ ಹಳೆಯ ಪತ್ರದ ಬಿನ್ ಹೊಂದದಿದ್ದರೆ ಅಡ್ವಾನ್ಸ್ ಕೊಡಲೇಬೇಡಿ, ವಂಶವೃಕ್ಷ ಕೇಳಿ.

ಹೆಚ್ಚು ತೊಂದರೆಯಾಗುವುದು ಇಂಗ್ಲಿಷಿಗೆ ಇಳಿಸುವಾಗ. ಬಿನ್ ಅನ್ನು ಹೆಸರಿನ ಭಾಗವೆಂದುಕೊಂಡು ‘ಮುನಿಯಪ್ಪ ಬಿನ್ ದೊಡ್ಡಣ್ಣ’ ಎಂದು ಇಡಿಯಾಗಿ ಟೈಪ್ ಮಾಡಿಬಿಡುತ್ತಾರೆ. ಆಧಾರ್‌ನಲ್ಲಿ ಬರೀ ಮುನಿಯಪ್ಪ ಎಂದಿರುತ್ತದೆ, ಹೆಸರು ಹೊಂದುವುದಿಲ್ಲ, ಸಾಲದ ಕಡತ ಅಲ್ಲೇ ನಿಲ್ಲುತ್ತದೆ. ಇಂಗ್ಲಿಷ್ ಕರಡಿನಲ್ಲಿ ‘ಸನ್ ಆಫ್’ ಎಂದು ಹಾಕಿಸಿ. ನೋಂದಣಿಗೆ ಮುಂಚೆಯೇ ಕರಡಿನ ಪ್ರತಿ ತರಿಸಿಕೊಂಡು ಹೆಸರಿನ ಸಾಲನ್ನು ಗಟ್ಟಿಯಾಗಿ ಓದಿಸಿ.

ನೋಂದಣಿಯಾದ ಮೇಲೆ ತಪ್ಪು ಕಂಡರೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ತಿದ್ದುಪಡಿ ಪತ್ರ ಮಾಡಿಸಬೇಕು. ಅದಕ್ಕೆ ಮಾರಿದವರ ಸಹಿಯೂ ಬೇಕು. ಅವರು ತೀರಿಕೊಂಡಿದ್ದರೆ ಮಕ್ಕಳನ್ನೆಲ್ಲ ಹುಡುಕಬೇಕಾಗುತ್ತದೆ, ಹಾಗಾಗಿ ತಪ್ಪು ಕಂಡ ವಾರದಲ್ಲೇ ಓಡಾಡಿ. ಪಹಣಿಯಲ್ಲಿನ ತಪ್ಪಿಗೆ ಅರ್ಜಿ ತಹಶೀಲ್ದಾರ್ ಕಚೇರಿಗೆ, ಜೊತೆಗೆ ಹಳೆಯ ಮ್ಯುಟೇಶನ್ ಪ್ರತಿ.