ಬೋರ್ಡ್ ಇಲ್ಲದ ದಾರಿಯಲ್ಲಿ ಸೈಕಲ್: ಯಾರನ್ನು ಎಲ್ಲಿಗೆ ಕರೆದುಕೊಂಡು ಹೋಗ್ತೀನಿ

ನಮ್ಮ ಮನೆಯಲ್ಲಿ "ಭಾವನ ಇಳಿಜಾರು" ಅಂದರೆ ಎಲ್ಲರಿಗೂ ಗೊತ್ತು. ಮೂಡಿಗೆರೆ ಕಡೆಯ ನಮ್ಮ ಕಾಫಿ ತೋಟದ ಕೆಳಗೆ ಹಳ್ಳಕ್ಕೆ ಇಳಿಯುವ ಹಳೆಯ ದನದ ದಾರಿ ಅದು. ಒಟ್ಟು ಒಂದೂವರೆ ಕಿಲೋಮೀಟರ್. ಅದರಲ್ಲಿ ನಿಜವಾಗಿ ಕಷ್ಟ ಇರುವುದು ನಲವತ್ತು ಮೀಟರ್ ಮಾತ್ರ. ಭಾವ ಬಿದ್ದದ್ದು ಆ ನಲವತ್ತು ಮೀಟರಿನಲ್ಲೇ.

ಭಾವ ಬೆಂಗಳೂರಿನವರು. ವಾರಕ್ಕೊಮ್ಮೆ ನಂದಿ ಬೆಟ್ಟ ಹತ್ತಿ ಇಳಿಯುವ ಆಸಾಮಿ. ನನಗಿಂತ ಹತ್ತು ವರ್ಷ ದೊಡ್ಡವರು, ಆದರೆ ಏರಿನಲ್ಲಿ ನನ್ನನ್ನು ಆರಾಮಾಗಿ ಹಿಂದೆ ಹಾಕುತ್ತಾರೆ. "ಏನೋ, ನನಗೂ ಜೀಪ್ ರೋಡೇ ತೋರಿಸ್ತೀಯಾ?" ಅಂದರು. ನಾನು ಫೋನ್ ತೆಗೆದು ಆಪ್‌ನಲ್ಲಿ ನೋಡಿದೆ. ಸರಾಸರಿ ಇಳಿಜಾರು ಶೇ 7 ಅಂತ ಇತ್ತು. ಸರಿ, ಹೋಗೋಣ ಅಂದೆ. ಕಡಿದಾದ ಜಾಗ ಬಂದಾಗ ಅವರು ಸೀಟಿನ ಮೇಲೆ ಕೂತೇ ಮುಂದಿನ ಬ್ರೇಕ್ ಬಿಗಿಯಾಗಿ ಹಿಡಿದರು. ಸೈಕಲ್ ನಿಂತಿತು, ಭಾವ ಮುಂದೆ ಹೋದರು. ಮಣಿಕಟ್ಟು ಉಳುಕಿ ಮೂರು ವಾರ ಪಟ್ಟಿ. ಅಕ್ಕ ನನ್ನ ಜೊತೆ ಮಾತು ಬಿಟ್ಟದ್ದು ಅದಕ್ಕಿಂತ ಒಂದು ವಾರ ಜಾಸ್ತಿ.

ತಪ್ಪು ನನ್ನದೇ. ಎರಡು ಕಡೆ ಎಡವಿದ್ದೆ. ಗಟ್ಟಿ ಕಾಲು ಇರುವವರಿಗೆ ಇಳಿಯಲೂ ಬರುತ್ತದೆ ಅಂದುಕೊಂಡೆ. ಸರಾಸರಿಯನ್ನು ನಂಬಿದೆ.

ಸರಾಸರಿ ವಿಷಯ ಸ್ವಲ್ಪ ಹೇಳಬೇಕು. ಆಪ್‌ಗಳು ತೋರಿಸುವ ಎತ್ತರದ ನಕ್ಷೆಗಳಲ್ಲಿ ಎಷ್ಟೋ 2000ನೇ ಇಸವಿಯಲ್ಲಿ ನಾಸಾದ ಬಾಹ್ಯಾಕಾಶ ನೌಕೆ ರೇಡಾರ್ ಇಟ್ಟು ಅಳೆದ ಲೆಕ್ಕದ ಮೇಲೆ ನಿಂತಿವೆ. ಅದರಲ್ಲಿ ಒಂದೊಂದು ಚೌಕ ಸುಮಾರು 30 ಮೀಟರ್ ಅಗಲ. ನಲವತ್ತು ಮೀಟರಿನ ಇಳಿಜಾರು ಅದರೊಳಗೆ ಎಲ್ಲಿ ಕಾಣಬೇಕು? ಸಾಲದ್ದಕ್ಕೆ ದಟ್ಟ ಮರ ಇರುವಲ್ಲಿ ರೇಡಾರ್ ನೆಲದವರೆಗೆ ಸರಿಯಾಗಿ ಇಳಿಯುವುದಿಲ್ಲ, ಹಸಿರಿನ ಎತ್ತರವೂ ಲೆಕ್ಕಕ್ಕೆ ಸೇರಿಕೊಳ್ಳುತ್ತದೆ. ನಮ್ಮ ಕಡೆಯೋ ಮೇಲೆಲ್ಲ ಸಿಲ್ವರ್ ಓಕ್, ಹಲಸು, ಅತ್ತಿ. ನಾನು ನೋಡಿದ ಶೇ 7ರಲ್ಲಿ ನೆಲ ಎಷ್ಟು, ಮರ ಎಷ್ಟು, ದೇವರೇ ಬಲ್ಲ.

ಆಮೇಲೆ ನಾನೇ ಅಳೆಯಲು ಶುರು ಮಾಡಿದೆ. ಮೇಸ್ತ್ರಿಗಳು ಪಾಯದ ಮಟ್ಟ ನೋಡಲು ನೀರು ತುಂಬಿದ ಪಾರದರ್ಶಕ ಪೈಪ್ ಹಿಡಿಯುತ್ತಾರಲ್ಲ, ಅದೇ. ಹತ್ತು ಮೀಟರ್ ಹಗ್ಗ, ಆ ಪೈಪ್, ಇನ್ನೊಂದು ತುದಿ ಹಿಡಿಯಲು ಅಕ್ಕನ ಮಗಳು. ಹತ್ತು ಮೀಟರಿಗೆ ಒಂದು ಮೀಟರ್ ಇಳಿದರೆ ಶೇ 10. ಭಾವನ ಇಳಿಜಾರು ಅಳೆದಾಗ ಎರಡೂವರೆ ಮೀಟರ್ ಬಂತು. ಶೇ 25! ಅದರ ನಡುವೆ ಜಂಬಿಟ್ಟಿಗೆ ಕಲ್ಲಿನ ಎರಡು ಮೆಟ್ಟಿಲು ಬೇರೆ.

ಹೊರದೇಶದ ಸೈಕಲ್ ದಾರಿಗಳಲ್ಲಿ ಇದಕ್ಕೆ ಬೋರ್ಡ್ ಇರುತ್ತದೆ. ಅಮೆರಿಕದ ಇಂಟರ್‌ನ್ಯಾಷನಲ್ ಮೌಂಟನ್ ಬೈಸಿಕ್ಲಿಂಗ್ ಅಸೋಸಿಯೇಷನ್‌ನವರು ಸ್ಕೀ ಇಳಿಜಾರಿನ ಗುರುತುಗಳನ್ನು ನೋಡಿ ಮಾಡಿದ ಪದ್ಧತಿ ಇದೆ. ಹಸಿರು ವೃತ್ತ ಸುಲಭ, ನೀಲಿ ಚೌಕ ಅದಕ್ಕಿಂತ ಕಷ್ಟ, ಕಪ್ಪು ವಜ್ರ ತುಂಬಾ ಕಷ್ಟ. ಹಸಿರಿಗೆ ಸರಾಸರಿ ಇಳಿಜಾರು ಶೇ 5ರೊಳಗೆ, ಅತಿ ಹೆಚ್ಚೆಂದರೆ ಶೇ 15. ಅಗಲ ಕನಿಷ್ಠ 36 ಅಂಗುಲ. ನೀಲಿಗೆ 24 ಅಂಗುಲ ಸಾಕು. ನಮ್ಮ ದಾರಿಗಳನ್ನು ಸೈಕಲ್‌ಗಾಗಿ ಯಾರೂ ಮಾಡಿಲ್ಲ. ದನ ಮಾಡಿದ್ದು, ಗಾಡಿ ಮಾಡಿದ್ದು, ಕಾಫಿ ಕುಯ್ಯುವವರ ಕಾಲು ಮಾಡಿದ್ದು. ಆದರೂ ಆ ಅಳತೆ ಕೈಯಲ್ಲಿದ್ದರೆ ನಾವೇ ಗುರುತು ಹಾಕಿಕೊಳ್ಳಬಹುದು. ನಾನು ಮಾಡಿದ ಬದಲಾವಣೆ ಒಂದೇ: ದಾರಿಯ ಅತಿ ಕೆಟ್ಟ ಹತ್ತು ಮೀಟರ್ ಯಾವ ದರ್ಜೆಯದೋ ಇಡೀ ದಾರಿಗೆ ಅದೇ ದರ್ಜೆ. ಸರಾಸರಿಯನ್ನು ನೋಡುವುದೇ ಇಲ್ಲ.

ಹಾಗೆ ನೋಡಿದರೆ ನನ್ನ ಬಳಿ ಮೂರು ದಾರಿ ಇವೆ.

ಹೊಸಬರಿಗೆ ತೋಟದ ಜೀಪ್ ರೋಡ್. ಗುಡ್ಡದ ಸೊಂಟ ಸುತ್ತಿ ಹೋಗುತ್ತದೆ, ಎಲ್ಲೂ ಶೇ 8 ದಾಟುವುದಿಲ್ಲ. ಬಿದ್ದರೆ ಒಂದು ಕಡೆ ಧರೆ, ಅಂದರೆ ಗುಡ್ಡ ಕಡಿದ ಮಣ್ಣಿನ ಗೋಡೆ, ಇನ್ನೊಂದು ಕಡೆ ಕಾಫಿ ಗಿಡ, ಎರಡೂ ಹಿಡಿದುಕೊಳ್ಳುತ್ತವೆ. ಎರಡನೆಯದು ಗಾಡಿ ದಾರಿ. ಅದರಲ್ಲಿ ಬೇರುಗಳಿವೆ, ಚಿಕ್ಕ ತೋಡು ಎರಡು ಕಡೆ ಅಡ್ಡ ಬರುತ್ತದೆ, ಒಂದು ತಿರುವು ಕುರುಡು. ನನಗೆ ಬಹಳ ಇಷ್ಟ. ಮೂರನೆಯದು ಭಾವನದು.

ಯಾರು ಯಾವುದಕ್ಕೆ ಅಂತ ತೀರ್ಮಾನ ಆಗುವುದು ದಾರಿಯಲ್ಲಿ ಅಲ್ಲ, ನಮ್ಮ ಮನೆ ಮುಂದಿನ ಕಣದಲ್ಲಿ. ಕಾಫಿ ಒಣಗಿಸುವ ಸಿಮೆಂಟ್ ಕಣ. ಬಂದವರಿಗೆಲ್ಲ ಅಲ್ಲಿ ಹತ್ತು ನಿಮಿಷ ಪರೀಕ್ಷೆ. ಮೊದಲು ಯಾವ ಕೈಯದು ಮುಂದಿನ ಬ್ರೇಕ್ ಅಂತ ಕೇಳುತ್ತೇನೆ. ನಮ್ಮಲ್ಲಿ ಸಾಮಾನ್ಯವಾಗಿ ಬಲಗೈ, ಆದರೆ ಹೊರಗಿನಿಂದ ಬಂದ ಸೈಕಲ್‌ಗಳಲ್ಲಿ ಎಡಗೈ ಇರುವುದುಂಟು. ಬೇರೆಯವರ ಸೈಕಲ್ ಹತ್ತಿದವರು ಇಲ್ಲೇ ಎಡವುತ್ತಾರೆ. ಆಮೇಲೆ ಎರಡೂ ಪೆಡಲ್ ಸಮ ಇಟ್ಟುಕೊಂಡು, ಸೀಟು ಬಿಟ್ಟು ನಿಂತು ಕಣದ ಉದ್ದಕ್ಕೂ ತೇಲಿ ಬರಬೇಕು. ಎರಡು ಬಕೆಟ್ ಸುತ್ತ ಕಾಲು ಊರದೆ ಎಂಟು ಬರೆಯಬೇಕು. ಕೊನೆಗೆ ಕಣದ ಅಂಚಿನ ಗೇಣುದ್ದದ ಮೆಟ್ಟಿಲನ್ನು ಸೊಂಟ ಹಿಂದಕ್ಕೆ ಹಾಕಿ ಇಳಿಯಬೇಕು. ಇಳಿಯುವಾಗ ಮುಖ ನೋಡುತ್ತೇನೆ. ಕಣ್ಣು ಮುಂದಿನ ಚಕ್ರಕ್ಕೇ ಅಂಟಿಕೊಂಡಿದ್ದರೆ ಅವರಿಗೆ ಜೀಪ್ ರೋಡೇ. ಎಷ್ಟು ವರ್ಷದಿಂದ ಸೈಕಲ್ ಹೊಡೆಯುತ್ತಿದ್ದೀರಿ ಅಂತ ನಾನು ಈಗ ಕೇಳುವುದೇ ಇಲ್ಲ.

ಈ ಪರೀಕ್ಷೆಯಲ್ಲಿ ಅಕ್ಕನ ಮಗಳು ಅಪ್ಪನಿಗಿಂತ ಮೊದಲು ಪಾಸಾದಳು. ಅವಳಿಗೆ ಹನ್ನೊಂದು ವರ್ಷ. ಮಕ್ಕಳಿಗೆ ತೊಂದರೆ ಕೊಡುವುದು ಧೈರ್ಯ ಅಲ್ಲ, ಬೆರಳು. ಬ್ರೇಕ್ ಲಿವರ್‌ಗೆ ಬೆರಳು ಪೂರ್ತಿ ಎಟುಕುವುದಿಲ್ಲ. ಲಿವರ್ ಬುಡದಲ್ಲಿ ಒಂದು ಚಿಕ್ಕ ಸ್ಕ್ರೂ ಇರುತ್ತದೆ, ತಿರುಗಿಸಿದರೆ ಲಿವರ್ ಹ್ಯಾಂಡಲ್ ಹತ್ತಿರ ಬರುತ್ತದೆ. ಎರಡು ನಿಮಿಷದ ಕೆಲಸ.

ಇನ್ನು ತಿಂಗಳು. ನಮ್ಮ ಕಡೆ ಒಂದೇ ದಾರಿ ವರ್ಷದಲ್ಲಿ ಮೂರು ದರ್ಜೆಗೆ ಹೋಗುತ್ತದೆ. ಅಕ್ಟೋಬರ್ ಕೊನೆಗೆ ನೆಲ ಹದವಾಗಿರುತ್ತದೆ, ಕೆಮ್ಮಣ್ಣು ಟೈರನ್ನು ಚೆನ್ನಾಗಿ ಹಿಡಿಯುತ್ತದೆ. ಡಿಸೆಂಬರ್, ಜನವರಿಯಲ್ಲಿ ಕುಯ್ಲು. ದಾರಿ ತುಂಬಾ ಜನ, ತಲೆ ಮೇಲೆ ಮೂಟೆ. ಆಗ ಭಾನುವಾರ ಬಿಟ್ಟು ಗಾಡಿ ದಾರಿಗೆ ಹೋಗಲ್ಲ. ಫೆಬ್ರವರಿ ಹೊತ್ತಿಗೆ ಉದುರಿದ ಎಲೆಯ ದರಗು ಮೊಣಕಾಲುದ್ದ. ಸಿಲ್ವರ್ ಓಕ್ ಎಲೆ ಒಣಗಿದರೆ ಗೋಲಿ ಚೆಲ್ಲಿದ ಹಾಗೆ ಜಾರುತ್ತದೆ, ಕೆಳಗಿನ ಚರಂಡಿಯನ್ನೂ ಮುಚ್ಚಿಬಿಡುತ್ತದೆ. ಮಳೆಗೆ ಮುಂಚೆ ಮರಗಸಿ ಮಾಡುವಾಗ, ಅಂದರೆ ನೆರಳಿನ ಮರಗಳ ಕೊಂಬೆ ಕಡಿಯುವಾಗ, ತಿರುವಿನಾಚೆ ಕೊಂಬೆ ಬಿದ್ದಿರಬಹುದು, ಹಾಗಾಗಿ ಹಿಂದಿನ ದಿನ ಒಮ್ಮೆ ನಡೆದು ಬರಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಂಬಿಟ್ಟಿಗೆ ಮೇಲೆಲ್ಲ ಹಾವಸೆ. ಒಣಗಿದಾಗ ಉಪ್ಪುಕಾಗದದಂತೆ ಹಿಡಿಯುವ ಕಲ್ಲು ಆಗ ಎಣ್ಣೆ ಹಚ್ಚಿದ ಹಾಗೆ. ಆಗ ಕಲ್ಲು ಹಾಸಿದ ಜೀಪ್ ರೋಡ್ ಬಿಟ್ಟರೆ ಬೇರೆ ಎಲ್ಲೂ ಸೈಕಲ್ ಇಲ್ಲ. ಉಂಬಳದ (ಜಿಗಣೆಯ) ಕಾಟ ಹೇಗೂ ಇದ್ದದ್ದೇ. ಅದಕ್ಕಿಂತ ದೊಡ್ಡ ಕಾರಣ ದಾರಿ ಹಾಳಾಗುವುದು. ಹಸಿ ಮಣ್ಣಲ್ಲಿ ಟೈರ್ ಕೊರೆದ ಗೆರೆ ಹಿಡಿದು ಮಳೆನೀರು ಹರಿಯುತ್ತದೆ, ಆ ಗೆರೆ ಒಂದೇ ಮಳೆಗಾಲದಲ್ಲಿ ಕಾಲುವೆ ಆಗುತ್ತದೆ.

ಟೈರ್ ಗಾಳಿ ಬಗ್ಗೆ ಎಲ್ಲರೂ ಕೇಳುತ್ತಾರೆ. ನನ್ನ ತೂಕ 70 ಕಿಲೋ, ಟೈರ್ 2.25 ಅಂಗುಲ, ಟ್ಯೂಬ್‌ಲೆಸ್. ಒಣ ನೆಲಕ್ಕೆ 24 ಪಿಎಸ್‌ಐ, ಹಸಿಗೆ 21. ಟ್ಯೂಬ್ ಇದ್ದರೆ ಇಷ್ಟು ಇಳಿಸಬೇಡಿ, ಕಲ್ಲಿಗೆ ಹೊಡೆದು ಪಂಕ್ಚರ್ ಆಗುತ್ತದೆ.

ಮೀಸಲು ಅರಣ್ಯದೊಳಗೆ ಅನುಮತಿ ಇಲ್ಲದೆ ಕಾಲಿಡುವುದಿಲ್ಲ. ಭದ್ರಾ, ಕುದುರೆಮುಖದ ಕಡೆಗಂತೂ ಮಾತೇ ಇಲ್ಲ. ಪಕ್ಕದ ತೋಟ ದಾಟಬೇಕಾದರೆ ಹಿಂದಿನ ಸಂಜೆ ಅಲ್ಲಿನ ಕೆಲಸ ನೋಡಿಕೊಳ್ಳುವ ರೈಟರಿಗೆ ಫೋನ್ ಮಾಡುತ್ತೇನೆ. ಬೇಲಿಯ ದಾರಿಗೆ ಅಡ್ಡ ಇಟ್ಟ ಗಳು, ಅಂದರೆ ಉಣುಗೋಲು, ತೆಗೆದದ್ದನ್ನು ಮತ್ತೆ ಹಾಕಿಯೇ ಹೋಗಬೇಕು. ನಾಯಿ ಎಲ್ಲಿ ಕಟ್ಟಿದ್ದಾರೆ ಅಂತಲೂ ಅವರೇ ಹೇಳುತ್ತಾರೆ.

ಆನೆ ವಿಷಯದಲ್ಲಿ ನಾನು ಹೆದರುಪುಕ್ಕಲ. ಸೈಕಲ್‌ಗೆ ಸದ್ದಿಲ್ಲ, ಅದೇ ಅಪಾಯ. ಜೀಪ್ ಬಂದರೆ ಆನೆಗೆ ದೂರದಿಂದಲೇ ಗೊತ್ತಾಗುತ್ತದೆ. ನಾವು ಕುರುಡು ತಿರುವಿನಿಂದ ಒಮ್ಮೆಲೇ ಎದುರಿಗೆ ಹೋಗಿ ನಿಲ್ಲುತ್ತೇವೆ. ಹಾಗಾಗಿ ಬೆಳಿಗ್ಗೆ ಎಂಟಕ್ಕೆ ಮೊದಲು, ಸಂಜೆ ಐದರ ನಂತರ ಹೊರಡುವುದಿಲ್ಲ. ಊರಿನ ವಾಟ್ಸಾಪ್ ಗುಂಪಿನಲ್ಲಿ ಆನೆ ನಮ್ಮ ಕಡೆ ಇದೆ ಅಂತ ಬಂದರೆ ಆ ದಿನ ಎಲ್ಲರಿಗೂ ಕಣವೇ ಗತಿ. ಒಮ್ಮೆ ಬೆಂಗಳೂರಿನಿಂದ ಆರು ಜನ ಬಂದು, ಎರಡು ದಿನ ಕಣದಲ್ಲಿ ಎಂಟು ಬರೆದು, ಕಡುಬು ತಿಂದು ವಾಪಸ್ ಹೋದರು. ಬೈದುಕೊಂಡೇ ಹೋಗಿರಬೇಕು.

ಗುಂಪಿನಲ್ಲಿ ಎಲ್ಲ ಬಗೆಯವರೂ ಇದ್ದರೆ ದಾರಿ ಆರಿಸುವುದು ಕಡಿಮೆ ಅನುಭವ ಇರುವವರ ಲೆಕ್ಕದಲ್ಲಿ. ಗಾಡಿ ದಾರಿ ಎರಡು ಕಡೆ ಜೀಪ್ ರೋಡಿಗೆ ಬಂದು ಸೇರುತ್ತದೆ, ಅದು ಬಹಳ ಅನುಕೂಲ. ಬಲ್ಲವರು ಒಳಗೆ ಹೋಗಿ ಬರಲಿ, ಉಳಿದವರು ಜೀಪ್ ರೋಡಿನಲ್ಲೇ ಬಂದು ಸೇರಲಿ. ಸಾಕಾಯಿತು ಅನ್ನುವವರಿಗೆ ಕಾಲು ಗಂಟೆಯೊಳಗೆ ಜೀಪ್ ಸಿಗುವ ಜಾಗ ಇರಬೇಕು. ದನದ ದಾರಿಯಲ್ಲಿ ಅದಿಲ್ಲ, ಫೋನ್ ಸಿಗ್ನಲ್ಲೂ ಇಲ್ಲ. ಅವತ್ತು ಭಾವನ ಸೈಕಲ್ ಹೊತ್ತುಕೊಂಡು ಮೇಲೆ ಬರಲು ಮುಕ್ಕಾಲು ಗಂಟೆ ಬೇಕಾಯಿತು.

ಕಳೆದ ನವೆಂಬರ್‌ನಲ್ಲಿ ಭಾವ ಮತ್ತೆ ಬಂದಿದ್ದರು. ಕಣದಲ್ಲಿ ಮೆಟ್ಟಿಲು ಚೆನ್ನಾಗಿ ಇಳಿದರು, ಗಾಡಿ ದಾರಿಯನ್ನು ಎರಡು ಸಲ ಮುಗಿಸಿದರು. "ಈಗಲಾದರೂ ನನ್ನ ಇಳಿಜಾರು ತೋರಿಸು ಮಾರಾಯ" ಅಂದರು. ಕರೆದುಕೊಂಡು ಹೋದೆ. ಮೇಲೆ ನಿಂತು ಎರಡು ನಿಮಿಷ ನೋಡಿದರು. ಆಮೇಲೆ ಇಳಿದು, ಸೈಕಲ್ ತಳ್ಳಿಕೊಂಡೇ ಹಳ್ಳದವರೆಗೆ ನಡೆದರು. ನಾನೂ ಹಿಂದೆಯೇ ತಳ್ಳಿಕೊಂಡು ಹೋದೆ.